ಮೋತಿಯನ್ನು ಮೀಯಿಸಿದ ವರ್ಷ

ಕಳೆದ ವಾರ ನಾನು ನಾಯಿಯ ಶಾಂಪೂ ಹಾಕಿ ತಲೆ ತೊಳೆದುಕೊಂಡೆ. ಬೇಕೆಂದು ಮಾಡಿದ್ದಲ್ಲ. ಕಾರವಾರದಲ್ಲಿ ಮಗಳ ಮನೆಯ ಬಚ್ಚಲಿನಲ್ಲಿ ಬಾಟಲಿಗಳ ಒಂದು ಸಂತೆಯೇ ಇದೆ. ಮುಖಕ್ಕೊಂದು, ಮೈಗೊಂದು, ಕೂದಲಿಗೆ ಎರಡು, ಹಿಮ್ಮಡಿಗೂ ಒಂದು. ಕನ್ನಡಕ ಹಾಕಿಕೊಂಡು ಸ್ನಾನಕ್ಕೆ ಹೋಗುವವರನ್ನು ನೀವು ಎಲ್ಲಾದರೂ ಕಂಡಿದ್ದೀರಾ? ಕೈಗೆ ಸಿಕ್ಕಿದ್ದನ್ನು ತಲೆಗೆ ಹಾಕಿದೆ, ನೊರೆ ಚೆನ್ನಾಗಿ ಬಂತು, ಹಾಡು ಹೇಳಿಕೊಂಡು ತೊಳೆದುಕೊಂಡು ಬಂದೆ. ಮಧ್ಯಾಹ್ನ ಮೊಮ್ಮಗಳು ಮಡಿಲಿಗೆ ಬಂದು ಕೂತವಳು ನನ್ನ ತಲೆಯನ್ನು ಮೂಸಿ ಮೂಸಿ, "ಅಜ್ಜೀ, ನೀನು ನಮ್ಮ ಬ್ರೂನೋ ಹಾಗೆ ಪರಿಮಳ ಬರ್ತೀಯ" ಎಂದಳು. ಮಗಳು ಬಚ್ಚಲಿಗೆ ಓಡಿ ಬಾಟಲಿ ನೋಡಿ ಬಂದು, ಡಾಕ್ಟರಿಗೆ ಫೋನು ಮಾಡಲೇ ಎಂದು ಕೇಳಿದಳು. ಅಳಿಯ ಪಾಪ, ನಗು ಕಾಣಬಾರದೆಂದು ಮುಖಕ್ಕೆ ಪೇಪರು ಅಡ್ಡ ಹಿಡಿದ.

"ಎಂತಕ್ಕೆ ಡಾಕ್ಟರು? ಕೂದಲು ಎಷ್ಟು ಮೆತ್ತಗೆ ಆತು ನೋಡು. ಇನ್ನು ಮೇಲೆ ನಂಗೆ ಅದೇ ಇರಲಿ" ಎಂದೆ. ಎಲ್ಲರೂ ನಕ್ಕರು, ನಾನೂ ನಕ್ಕೆ.

ಆದರೆ ಆಮೇಲೆ ಮಾಳಿಗೆಯ ಬಿಸಿಲಿನಲ್ಲಿ ಕೂದಲು ಹರವಿಕೊಂಡು ಒಬ್ಬಳೇ ಕೂತಾಗ ನಗು ಎಲ್ಲೋ ಇಳಿದುಹೋಯಿತು. ನಾಯಿಗೂ ನನಗೂ ಒಂದೇ ತಲೆಸ್ನಾನದ ಸಾಮಾನು ಎನ್ನುವುದು ನನಗೆ ಹೊಸತಲ್ಲ. ಮದುವೆಯಾದ ಮೊದಲ ವರ್ಷವಿಡೀ ಹಾಗೇ ನಡೆದಿತ್ತು. ಆಗ ನನ್ನದನ್ನು ನಾಯಿ ಹಾಕಿಕೊಳ್ಳುತ್ತಿತ್ತು, ಅಷ್ಟೇ ವ್ಯತ್ಯಾಸ.

ನಮ್ಮ ಕಡೆ ನಾಯಿಯನ್ನು ಮೀಯಿಸುತ್ತೇನೆ ಎಂದರೆ ಆಗ ಜನ ನಗುತ್ತಿದ್ದರು. ಎಮ್ಮೆಯನ್ನು ಮೀಯಿಸಬೇಕು, ಎತ್ತನ್ನು ಮೀಯಿಸಬೇಕು. ನಾಯಿಯನ್ನು ಮಳೆಗಾಲದಲ್ಲಿ ದೇವರೇ ಮೀಯಿಸುತ್ತಾನೆ. ಸಂತೆಗುಳಿಯಲ್ಲಿ ನನ್ನ ತವರಿನಲ್ಲಿ ನಾಯಿ ಇತ್ತು, ಅದರ ನಿಜವಾದ ಬಣ್ಣ ಏನೆಂದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಮನೆಯ ಮಕ್ಕಳಿಗೇ ಸ್ನಾನದ ಸರದಿ ಬರುವುದು ಕಷ್ಟ. ಅಕ್ಕಂದಿರು, ತಂಗಿಯರು, ಚಿಕ್ಕಪ್ಪನ ಮಕ್ಕಳು, ಎಲ್ಲರನ್ನೂ ಸಾಲಾಗಿ ಬಚ್ಚಲ ಕಟ್ಟೆಯ ಮೇಲೆ ಕೂರಿಸಿ ದೊಡ್ಡಮ್ಮ ನೀರು ಹೊಯ್ಯುತ್ತಿದ್ದಳು. ಯಾರ ತಲೆ ಯಾರು ತಿಕ್ಕಿದರು ಎಂಬ ಲೆಕ್ಕವಿಲ್ಲ. ನನ್ನ ಜಡೆಯನ್ನು ನಾನೇ ಹೆಣೆದುಕೊಂಡದ್ದು ಮದುವೆಯಾದ ಮೇಲೆ ಎಂದರೆ ನೀವು ನಂಬಬೇಕು. ಅಲ್ಲಿಯವರೆಗೆ ಯಾರದೋ ಒಬ್ಬರ ಕೈ ನನ್ನ ತಲೆಯ ಮೇಲೆ ಇದ್ದೇ ಇರುತ್ತಿತ್ತು. ಅದು ಒಂದು ಸುಖ ಎಂದು ಆಗ ಗೊತ್ತಿರಲಿಲ್ಲ.

ಅಂಥ ಮನೆಯಿಂದ ಅರವತ್ತರ ದಶಕದ ಮೊದಲಿಗೆ ಧಾರೇಶ್ವರದ ಒಂದು ಮನೆಗೆ ಮದುವೆಯಾಗಿ ಬಂದೆ. ಸಮುದ್ರದ ಸದ್ದು ಕೇಳುವಷ್ಟು ಹತ್ತಿರದ ಮನೆ. ಮನೆಯಲ್ಲಿ ಇದ್ದದ್ದು ಅತ್ತೆ, ಅವರ ಒಬ್ಬನೇ ಮಗ, ಒಂದು ನಾಯಿ. ಮಗನಿಗೆ ಮುಂಬಯಿಯ ಒಂದು ಹೋಟ್ಲಿನಲ್ಲಿ ಕೆಲಸ. ವರ್ಷಕ್ಕೊಮ್ಮೆ ದೀಪಾವಳಿಗೆ ಊರಿಗೆ ಬರುವುದು, ಹಬ್ಬ ಮುಗಿಸಿ ಹೋಗುವುದು. ಆ ವರ್ಷ ಮದುವೆಗೆಂದು ಬೇಸಿಗೆಯಲ್ಲೂ ಬಂದಿದ್ದರು. ತಿಂಗಳು ತುಂಬುವ ಮೊದಲೇ ರಜೆ ಮುಗಿದು ಹೊರಟರು. ಅಷ್ಟರಲ್ಲಿ ನಾವಿಬ್ಬರು ಆಡಿದ ಮಾತುಗಳನ್ನು ಒಂದು ಪೋಸ್ಟ್ ಕಾರ್ಡಿನಲ್ಲಿ ಬರೆಯಬಹುದಿತ್ತು, ಮೇಲೆ ಜಾಗವೂ ಉಳಿಯುತ್ತಿತ್ತು.

ಹೊರಡುವ ದಿನ ಮಾತ್ರ ಅವರು ನನ್ನನ್ನು ಬಾವಿಕಟ್ಟೆಯ ಹತ್ತಿರ ಕರೆದರು. ಸೆರಗು ಸರಿಮಾಡಿಕೊಂಡು ಹೋದೆ.

"ಮೋತಿಗೆ ಹದಿನೈದು ದಿನಕ್ಕೊಂದು ಸಲ ಮೀಸು" ಎಂದರು. "ಕಿವಿಗೆ ನೀರು ಹೋಗೂಕಾಗ. ಮೀಸಿದ ಮೇಲೆ ಹಣಿಗೆ ಹಾಕಿ ಬಾಚು, ಇಲ್ಲದ್ರೆ ಕೂದಲು ಗಂಟು ಬೀಳ್ತದೆ. ಉಣ್ಣಿ ಕಂಡ್ರೆ ಕಿತ್ತು ಸೀಮೆಎಣ್ಣೆಗೆ ಹಾಕು."

"ಆತು" ಎಂದೆ.

"ಮತ್ತೆ..." ಎಂದು ನೆಲ ನೋಡುತ್ತ ನಿಂತರು. ಈಗ ನನ್ನ ವಿಷಯ ಬರುತ್ತದೆ ಎಂದುಕೊಂಡೆ.

"ಬಾಲದ ಬುಡ ಮುಟ್ಟಬೇಡ. ಕಚ್ತದೆ."

ಇಷ್ಟು ಹೇಳಿ ಟ್ರಂಕು ಎತ್ತಿಕೊಂಡು ಹೋದರು. ಕುಮಟೆಯ ಬಸ್ಸು ಹೊರಟಾಗ ಮೋತಿ ಅದರ ಹಿಂದೆ ಓಡಿತು. ಕುಮಟೆಯಿಂದ ಹುಬ್ಬಳ್ಳಿ, ಅಲ್ಲಿಂದ ರೈಲು ಎಂಬುದೆಲ್ಲ ಅದಕ್ಕೆ ಹೇಗೆ ಗೊತ್ತಾಗಬೇಕು? ಸಂಜೆ ಹೊತ್ತಿಗೆ ಕೆಂಪು ಧೂಳು ಮೆತ್ತಿಕೊಂಡು, ನಾಲಿಗೆ ಹೊರಗೆ ಹಾಕಿಕೊಂಡು ವಾಪಸು ಬಂತು. ಅಂಗಳದಲ್ಲಿ ಮಲಗಿ ಗೇಟಿನ ಕಡೆ ಮುಖ ಮಾಡಿತು. ನನಗೂ ಹಾಗೇ ಮಲಗಿಬಿಡಬೇಕು ಅನ್ನಿಸಿತು. ಸೊಸೆಯಾದವಳು ಹಾಗೆಲ್ಲ ಮಾಡುವಂತಿಲ್ಲ.

ಮೋತಿಯ ಕುಲಗೋತ್ರ ಹೇಳದಿದ್ದರೆ ತಪ್ಪಾಗುತ್ತದೆ. ಹೊನ್ನಾವರದ ಬಂಗ್ಲೆಯಲ್ಲಿ ಯಾರೋ ಸಾಹೇಬರು ಸಾಕಿದ್ದ ಜೂಲುನಾಯಿಗೂ ಬಂದರಿನ ಒಂದು ಕಳ್ಳನಾಯಿಗೂ ಹುಟ್ಟಿದ ಮರಿ ಅದು. ಮೈಮೇಲಿನ ಜೂಲು ಸಾಹೇಬರ ಕಡೆಯದು, ಬುದ್ಧಿ ಬಂದರಿನ ಕಡೆಯದು. ನಮ್ಮ ಕರಾವಳಿಯ ಸೆಕೆಗೆ ಆ ಕೂದಲು ಹೇಳಿ ಮಾಡಿಸಿದ್ದಲ್ಲ. ಸಮುದ್ರಕ್ಕೆ ಹೋದರೆ ಉಪ್ಪು, ಗದ್ದೆಗೆ ಹೋದರೆ ಅಂಟುವ ಹುಲ್ಲಿನ ಮುಳ್ಳು, ಎಲ್ಲಿಗೂ ಹೋಗದೆ ಬಿದ್ದುಕೊಂಡರೆ ಉಣ್ಣಿ. ಎರಡು ವಾರ ಬಿಟ್ಟರೆ ಹೊಟ್ಟೆಯ ಕೆಳಗಿನ ಕೂದಲು ಗಂಟು ಗಂಟಾಗಿ, ಬಿಚ್ಚಿದ ಹಳೆಯ ಹಾಸಿಗೆಯ ಅರಳೆಯಂತೆ ಕಾಣುತ್ತಿತ್ತು.

ಅತ್ತೆಯ ವಿಷಯವನ್ನೂ ಹೇಳಬೇಕು. ಕೆಟ್ಟವರಲ್ಲ. ಒಂದು ದಿನವೂ ನನ್ನನ್ನು ಬೈದವರಲ್ಲ. ಬೈಯಬೇಕಾದರೆ ಮಾತಾಡಬೇಕಲ್ಲ! ಜಗಲಿಯ ಕಂಬಕ್ಕೆ ಒರಗಿ ಇಡೀ ದಿನ ತೆಂಗಿನ ಕತ್ತದ ಹಗ್ಗ ಹೊಸೆಯುತ್ತಿದ್ದರು. ಬೆಳಿಗ್ಗೆ "ಎದ್ದ್ಯಾ?", ಮಧ್ಯಾಹ್ನ "ಉಂಡ್ಯಾ?", ಸಂಜೆ "ದೀಪ ಹಚ್ಚು". ಗಂಡ ತೀರಿಹೋದ ಮೇಲೆ ಹಗ್ಗ ಹೊಸೆದೇ ಮಗನನ್ನು ದೊಡ್ಡ ಮಾಡಿದವರು. ಆ ವರ್ಷಗಳಲ್ಲಿ ಮಾತಾಡುವ ಅಭ್ಯಾಸ ತಪ್ಪಿಹೋಗಿತ್ತೋ ಏನೋ. ಗಲಾಟೆಯ ಮನೆಯಿಂದ ಬಂದ ನನಗೆ ಆ ಮೌನದಲ್ಲಿ ಕಿವಿ ನೋಯುತ್ತಿತ್ತು. ನನಗೆ ಬೇಕಾಗಿದ್ದದ್ದು ಬಂಗಾರವಲ್ಲ, ಸೀರೆಯಲ್ಲ. ಆ ಮನೆಯಲ್ಲಿ ಒಂದು ಜೀವವಾದರೂ ನನ್ನನ್ನು ತನ್ನವಳು ಎಂದು ಹತ್ತಿರ ಕೂರಿಸಿಕೊಳ್ಳಬೇಕು, ಅಷ್ಟೇ. ಅತ್ತೆ ದೂರ, ಗಂಡ ಇನ್ನೂ ದೂರ. ಉಳಿದದ್ದು ನಾಯಿ. ಅದೋ, ನಾನು ಅನ್ನ ಹಾಕಿದರೂ ನನ್ನ ಬೆನ್ನು ತಿರುಗುವವರೆಗೆ ಮುಟ್ಟುತ್ತಿರಲಿಲ್ಲ.

ಮೊದಲ ಸಲ ಮೋತಿಯನ್ನು ಮೀಯಿಸಿದ ಕತೆಯನ್ನು ಹೇಗೆ ಹೇಳಲಿ! ತೆಂಗಿನ ಮರಕ್ಕೆ ಕಟ್ಟಿದೆ. ಮನುಷ್ಯರಿಗೆ ಹೊಯ್ಯುವ ಹಾಗೆ ಒಂದು ಕೊಡ ನೀರನ್ನು ಅದರ ತಲೆಯ ಮೇಲೆ ಸುರಿದೆ. ಅದು ಮೈ ಕೊಡವಿದ್ದೇ ನಾನು ಅಡಿಯಿಂದ ಮುಡಿಯವರೆಗೆ ಒದ್ದೆ. ಕಣ್ಣು ಒರೆಸಿಕೊಳ್ಳುವಷ್ಟರಲ್ಲಿ ಹಗ್ಗ ಕಳಚಿಕೊಂಡು ಓಡಿತು. ಎಲ್ಲಿಗೆ ಎನ್ನುತ್ತೀರಿ? ಅತ್ತೆ ಬೆಳಿಗ್ಗೆಯಿಂದ ಲಟ್ಟಿಸಿ ಚಾಪೆಯ ಮೇಲೆ ಒಣಹಾಕಿದ್ದ ಹಲಸಿನ ಹಪ್ಪಳದ ಮೇಲೆ. ಅಲ್ಲೇ ಒಂದು ಸುತ್ತು ಉರುಳಿ, ಮತ್ತೆ ಮರಳಿನಲ್ಲಿ ಉರುಳಿ, ಹಿತ್ತಲಿಗೆ ಮಾಯವಾಯಿತು. ಹಪ್ಪಳದ ಮೇಲೆ ಸಾಲಾಗಿ ನಾಯಿಪಾದ ಮೂಡಿತ್ತು.

ಅತ್ತೆ ಹಗ್ಗ ಕೆಳಗಿಟ್ಟು ಬಂದರು. ಹಪ್ಪಳ ನೋಡಿದರು. ನನ್ನನ್ನು ನೋಡಿದರು. ಇವತ್ತು ಬೈಗುಳವಾದರೂ ಸಿಗುತ್ತದೆ ಎಂದು ನಾನು ತಲೆ ತಗ್ಗಿಸಿ ನಿಂತೆ.

"ತಲೆಗೆ ಮೊದಲು ಹೊಯ್ದ್ಯಾ?" ಎಂದರು.

"ಹೌದು."

"ತಲೆಗೆ ಕಡೆಗೆ ಹೊಯ್ಯಬೇಕು ಹೆಣ್ಣೇ. ಮೊದ್ಲು ಬೆನ್ನಿಗೆ. ಬೆನ್ನು ಬೆಚ್ಚಗಾದ್ರೆ ಜೀವಕ್ಕೆ ಧೈರ್ಯ ಬರ್ತದೆ. ಕಿವಿಗೆ ಕೈ ಅಡ್ಡ ಇಟ್ಕೊ. ನನ್ನ ಮಗ ಸಣ್ಣಕಿದ್ದಾಗ ನೀರು ಕಂಡ್ರೆ ಊರು ಹಾರುವಂಗೆ ಕೂಗ್ತಿದ್ದ. ನಾ ಹಂಗೇ ಮೀಸ್ತಿದ್ದೆ." ಆಮೇಲೆ ಹಪ್ಪಳದ ಚಾಪೆಯನ್ನು ಮಡಚಿ, "ಇದನ್ನ ಇನ್ನು ಅದಕ್ಕೇ ಹಾಕು" ಎಂದು ಒಳಗೆ ಹೋದರು.

ಅಷ್ಟು ಮಾತನ್ನು ಅವರ ಬಾಯಿಯಿಂದ ನಾನು ಕೇಳಿದ್ದು ಅದೇ ಮೊದಲು. ಆ ಮಳೆಗಾಲವೆಲ್ಲ ಮೋತಿ ಹಲಸಿನ ಹಪ್ಪಳ ತಿಂದು ಗುಂಡಗಾಯಿತು.

ಎರಡನೆಯ ಸಲ ನೀರು ಉಗುರುಬೆಚ್ಚಗೆ ಮಾಡಿದೆ. ಬೆನ್ನಿಗೆ ಹೊಯ್ದೆ, ಆಮೇಲೆ ಪಕ್ಕೆಗೆ, ಕಾಲಿಗೆ. ಮೋತಿ ನಡುಗುತ್ತ ನಿಂತುಕೊಂಡಿತು, ಆದರೆ ಓಡಲಿಲ್ಲ. ಸೋಪು ಆಗ ನಮ್ಮಲ್ಲಿ ನೆಂಟರು ಬಂದಾಗ ಮಾತ್ರ ಹೊರಗೆ ಬರುವ ವಸ್ತು. ನಾನು ತಲೆಗೆಂದು ದಾಸವಾಳದ ಸೊಪ್ಪು ಕಿವುಚಿ ಗೊಂಪು ಮಾಡಿಟ್ಟಿದ್ದೆ. ಅದರಲ್ಲೇ ಅರ್ಧವನ್ನು ಅದರ ಮೈಗೆ ಹಚ್ಚಿದೆ. ಲೋಳೆಲೋಳೆಯಾದ ಆ ಹಸಿರು ರಸ ಜೂಲಿನೊಳಗೆ ಇಳಿದು, ತೊಳೆದ ಮೇಲೆ ಕೂದಲು ಎಷ್ಟು ನುಣುಪಾಯಿತೆಂದರೆ ಗಂಟುಗಳೆಲ್ಲ ಬೆರಳಿಗೇ ಬಿಟ್ಟುಕೊಂಡವು. ಉಣ್ಣಿ ಹೆಚ್ಚಿದ್ದರೆ ಕಹಿಬೇವಿನ ಸೊಪ್ಪು ಕುದಿಸಿದ ನೀರು. ಕೊನೆಗೆ ಅಂಗೈಗೆ ಎರಡು ಹನಿ ಕೊಬ್ಬರಿ ಎಣ್ಣೆ. ಹಣಿಗೆ ನನ್ನದೇ, ತವರಿನಿಂದ ತಂದದ್ದು. ಅದರ ಹಲ್ಲುಗಳಲ್ಲಿ ನನ್ನ ಕೂದಲು ಯಾವುದು ಮೋತಿಯದು ಯಾವುದು ಎಂದು ಆಮೇಲಾಮೇಲೆ ನಾನು ನೋಡುವುದನ್ನೇ ಬಿಟ್ಟೆ.

ಬಾಚುವಾಗ ಬಾಯಿ ಸುಮ್ಮನಿರಬೇಕಲ್ಲ. ಮೊದಮೊದಲು "ಆತು ಆತು, ಇನ್ನೊಂದೇ ತಂಬಿಗೆ" ಎಂದು ಸಮಾಧಾನ ಮಾಡುತ್ತಿದ್ದೆ. ಆಮೇಲೆ ಸಂತೆಗುಳಿಯ ಸುದ್ದಿ ಬಂತು. ದೊಡ್ಡಮ್ಮನ ಸೊಂಟ, ತಂಗಿಯ ಶಾಲೆ, ನಮ್ಮ ಎಮ್ಮೆ ಯಾರಿಗೆ ಹಾಯ್ದಿತು, ಎಲ್ಲ. ಮಾತು ಮುಗಿಯುವುದು ಮಾತ್ರ ಒಂದೇ ಕಡೆ. "ನಿನ್ನ ಯಜಮಾನನ ಮೂಗು ಹೇಗಿತ್ತು ಮಾರಾಯ? ನಂಗೆ ಸಮ ನೆನಪಾಗೂದಿಲ್ಲ" ಎಂದು ಕೇಳುತ್ತಿದ್ದೆ. ನಿಜವಾಗಿಯೂ ನೆನಪಾಗುತ್ತಿರಲಿಲ್ಲ. ಕಣ್ಣು ಮುಚ್ಚಿದರೆ ಟ್ರಂಕು ನೆನಪಾಗುತ್ತಿತ್ತು, ನೀಲಿ ಅಂಗಿ ನೆನಪಾಗುತ್ತಿತ್ತು, ಮುಖ ಬರುತ್ತಿರಲಿಲ್ಲ. ಹೊಸ ಮದುವಣಗಿತ್ತಿ ಇದನ್ನು ನಾಯಿಗಲ್ಲದೆ ಯಾರಿಗೆ ಹೇಳಬೇಕು?

ಅತ್ತೆ ಜಗಲಿಯಲ್ಲಿ ಹಗ್ಗ ಹೊಸೆಯುತ್ತ ಕೂತಿರುತ್ತಿದ್ದರು. ಕೇಳುತ್ತಿದ್ದರೋ ಇಲ್ಲವೋ ತಿಳಿಯದು. ಒಂದೊಂದು ಸಲ ಅವರ ಕೈ ನಿಂತಿರುತ್ತಿತ್ತು. ನಾನು ತಿರುಗಿ ನೋಡಿದರೆ ಮತ್ತೆ ಹೊಸೆಯುವರು. ಅವರೂ ಮಗನಿಗಾಗಿ ಕಾಯುತ್ತಿದ್ದರು, ನಾನೂ ಕಾಯುತ್ತಿದ್ದೆ, ಮೋತಿಯೂ ಕಾಯುತ್ತಿತ್ತು. ಮೂವರು ಒಬ್ಬನಿಗಾಗಿ ಕಾಯುತ್ತಿದ್ದರೂ ಒಟ್ಟಿಗೆ ಕೂತು ಕಾಯುವುದು ನಮಗೆ ಗೊತ್ತಿರಲಿಲ್ಲ.

ಮುಂಬಯಿಯಿಂದ ಕಾರ್ಡು ಬರುತ್ತಿತ್ತು, ತಾಯಿಯ ಹೆಸರಿಗೆ. ಅತ್ತೆಗೆ ಓದಲು ಬಾರದು, ನಾನೇ ಓದಿ ಹೇಳಬೇಕು. ತಾನು ಕ್ಷೇಮ, ಮಳೆ ಹೇಗಿದೆ, ಕೊನೆಯ ಸಾಲಿನಲ್ಲಿ "ಮೋತಿಯನ್ನು ಮೀಯಿಸುತ್ತಿದ್ದಾರೆಯೇ?" ಯಾರು ಮೀಯಿಸುತ್ತಿದ್ದಾರೆ ಎಂಬ ಹೆಸರಿಲ್ಲ. ನಾನು ಉತ್ತರ ಬರೆಯುವಾಗ "ಮೋತಿ ಸೌಖ್ಯ. ಅದರ ಕೂದಲು ಚೆನ್ನಾಗಿದೆ" ಎಂದು ಬರೆದು, ಜಾಗವಿದ್ದರೂ ಅಲ್ಲಿಗೇ ನಿಲ್ಲಿಸುತ್ತಿದ್ದೆ. ನನ್ನ ಸಿಟ್ಟು ಅವರಿಗೆ ತಿಳಿಯಲಿ ಎಂದು. ತಿಳಿಯಲಿಲ್ಲ ಎಂದು ಬೇರೆ ಹೇಳಬೇಕೇ?

ಮಳೆ ಕಳೆದು ದೀಪಾವಳಿ ಹತ್ತಿರ ಬಂತು. ಇವರು ಬರುವ ಹಿಂದಿನ ದಿನ ಮೋತಿಯನ್ನು ಒಂದು ಮದುಮಗನ ಹಾಗೆ ತಯಾರು ಮಾಡಿದೆ. ಗೊಂಪು ಹಚ್ಚಿ, ಬೇವಿನ ನೀರು ಹೊಯ್ದು, ಬಿಸಿಲಿನಲ್ಲಿ ಒಣಗಿಸಿ, ಬಾಚಿ ಬಾಚಿ ಬಿಳಿ ಜೂಲು ಹೊಳೆಯುವಂತೆ ಮಾಡಿದೆ. ನಾಯಿಯ ಕೂದಲು ನೋಡಿಯಾದರೂ ಇವರು ನನ್ನ ಕಡೆ ಒಮ್ಮೆ ತಿರುಗಲಿ ಎಂಬ ಆಸೆ. ನನಗೂ ಒಂದು ಬದಲು ಸೀರೆ ತೆಗೆದಿಟ್ಟೆ, ನಾಳೆ ಮಲ್ಲಿಗೆ ಮುಡಿಯಬೇಕು ಎಂದುಕೊಂಡೆ.

ನಾಯಿಗೆ ಮಲ್ಲಿಗೆಯ ರುಚಿ ಇಲ್ಲ. ಪಕ್ಕದ ತೋಟದಲ್ಲಿ ತೆಂಗಿನ ಬುಡಕ್ಕೆ ಹಾಕಲು ಕೊಳೆಸಿದ ಮೀನಿನ ಗೊಬ್ಬರ ರಾಶಿ ಹಾಕಿದ್ದರು. ಬೆಳಿಗ್ಗೆ ಎದ್ದು ನೋಡುತ್ತೇನೆ, ಮೋತಿ ಅದರಲ್ಲಿ ಉರುಳಿ ಬಂದು, ಜಗಲಿಯ ಮೆಟ್ಟಿಲ ಮೇಲೆ ಮಹಾರಾಜನ ಹಾಗೆ ಮಲಗಿದೆ. ನಾತಕ್ಕೆ ಕಾಗೆಗಳು ಸುತ್ತ ಕೂತಿವೆ. ಅಳುವುದಕ್ಕೂ ಪುರಸೊತ್ತಿಲ್ಲ. ಸೀರೆ ಎತ್ತಿಕಟ್ಟಿ ಬಾವಿಕಟ್ಟೆಗೆ ಎಳೆದುಕೊಂಡು ಹೋದೆ. ಒಂದು ಸಲ ತಿಕ್ಕಿದೆ, ಹೋಗಲಿಲ್ಲ. ಎರಡನೆಯ ಸಲ ತಿಕ್ಕುತ್ತಿದ್ದಾಗ, ನಾನೂ ಅದೂ ಒಂದೇ ನಾತ ನಾರುತ್ತ, ತಲೆಗೂದಲು ಕೆದರಿ ಮುಖಕ್ಕೆ ಬಿದ್ದಿದ್ದಾಗ, ಗೇಟಿನ ಸದ್ದಾಯಿತು.

"ಮೋತೀ!"

ಆ ದನಿ ಕೇಳಿದ್ದೇ ನನಗೆ ಅವರ ಮುಖ ಪೂರಾ ನೆನಪಾಯಿತು. ಮೋತಿ ಕಿವಿ ನಿಗುರಿಸಿತು. ಓಡುತ್ತದೆ ಎಂದು ಕೈ ಬಿಟ್ಟೆ. ಅದು ಓಡಲಿಲ್ಲ. ನನ್ನ ಕಾಲಿನ ಹಿಂದೆ ಬಂದು ನಿಂತು, ಅವರನ್ನು ನೋಡಿ ಗುರ್ ಎಂದಿತು.

ಇವರು ಟ್ರಂಕು ಹಿಡಿದುಕೊಂಡೇ ನಿಂತರು. ಮತ್ತೊಮ್ಮೆ ಕರೆದರು. ಸ್ವಲ್ಪ ಹೊತ್ತಾದ ಮೇಲೆ ಮೋತಿ ಹೋಗಿ ಅವರ ಪಾದ ಮೂಸಿತು, ಪರಿಚಯದ ನೆಂಟರಿಗೆ ಅಲ್ಲಾಡಿಸುವಷ್ಟು ಬಾಲ ಅಲ್ಲಾಡಿಸಿತು, ವಾಪಸು ಬಂದು ನನ್ನ ಪಕ್ಕದಲ್ಲಿ ಕೂತಿತು. ನನಗೆ ಗೆದ್ದ ಹಾಗೆ ಅನ್ನಿಸಬೇಕಿತ್ತು. ಇವರ ಮುಖ ನೋಡಿ ಅನ್ನಿಸಲಿಲ್ಲ.

"ಬಸ್ಸಿನ ಹತ್ರವೇ ಓಡಿ ಬರ್ತಿತ್ತು" ಎಂದರು, ಯಾರಿಗೋ ಹೇಳುವ ಹಾಗೆ. ಸಂಜೆ ಹಂಡೆಗೆ ಹಿಂಡಲಕಾಯಿಯ ಬಳ್ಳಿ ಕಟ್ಟಿ ನೀರು ತುಂಬುವ ಶಾಸ್ತ್ರ ಮಾಡುವಾಗಲೂ ಅವರ ಕಣ್ಣು ಮೋತಿಯ ಮೇಲೇ ಇತ್ತು.

ಮಾರನೆಯ ಬೆಳಿಗ್ಗೆ ಬೂರೆ ಹಬ್ಬ, ಅಂದರೆ ನರಕ ಚತುರ್ದಶಿ. ಎಲ್ಲರಿಗೂ ಎಣ್ಣೆಸ್ನಾನ. ಅತ್ತೆ ಮಗನನ್ನು ಮಣೆಯ ಮೇಲೆ ಕೂರಿಸಿ ಆರತಿ ಎತ್ತಿ ತಲೆಗೆ ಎಣ್ಣೆ ಇಟ್ಟರು. ನೀರು ಹೊಯ್ಯಲು ತಂಬಿಗೆ ಎತ್ತಿದವರು ಯಾಕೋ ನಿಂತು, "ನನ್ನ ಕೈಯಲ್ಲಿ ಆಗೂದಿಲ್ಲ. ನೀನೇ ಮೀಸು" ಎಂದು ತಂಬಿಗೆಯನ್ನು ನನ್ನ ಕೈಗೆ ಕೊಟ್ಟು ಹೊರಗೆ ಹೋದರು.

ನಾಚಿಕೆಯಲ್ಲಿ ನನಗೆ ಏನು ಮಾಡುತ್ತಿದ್ದೇನೆ ಎಂಬುದೇ ಗೊತ್ತಿರಲಿಲ್ಲ. ಆದರೆ ಕೈಗೆ ಗೊತ್ತಿತ್ತು. ಕೈ ಅದಕ್ಕೆ ಗೊತ್ತಿದ್ದ ಹಾಗೇ ಮಾಡಿತು. ಮೊದಲು ಬೆನ್ನಿಗೆ ಹೊಯ್ದೆ, ಆಮೇಲೆ ಪಕ್ಕೆಗೆ. ಗೊಂಪು ಹಚ್ಚಿ ತಿಕ್ಕಿದೆ. ಕೊನೆಗೆ ಕಿವಿಗೆ ಅಂಗೈ ಅಡ್ಡ ಇಟ್ಟು, ಗಲ್ಲ ಎತ್ತಿಹಿಡಿದು, ತಲೆಗೆ ಹೊಯ್ಯುತ್ತ, "ಆತು ಆತು, ಇನ್ನೊಂದೇ ತಂಬಿಗೆ" ಎಂದೆ.

ಅಂದ ಮೇಲೆ ಎಚ್ಚರವಾಯಿತು. ಅಯ್ಯೋ, ಗಂಡನನ್ನು ನಾಯಿಯ ಹಾಗೆ ಮೀಯಿಸಿದೆನಲ್ಲ! ಅವರ ಭುಜ ಅಲುಗುತ್ತಿತ್ತು. ನಗುತ್ತಿದ್ದಾರೆ ಎಂದುಕೊಂಡೆ. ನಗುತ್ತಿರಲಿಲ್ಲ.

"ಆಯಿ ಹಿಂಗೇ ಮೀಸ್ತಿತ್ತು" ಎಂದರು ತಿರುಗದೆ. ಮುಖದ ನೀರು ಒರೆಸಿಕೊಂಡು ಮುಂಬಯಿಯ ಮಾತು ತೆಗೆದರು: "ಅಲ್ಲಿ ನಲ್ಲಿ ಹತ್ರ ಸಾಲು. ಒಬ್ಬೊಬ್ಬನಿಗೆ ಒಂದು ಬಾಲ್ದಿ. ಬೆನ್ನಿನ ನಡುವಿಗೆ ಕೈ ಎಟುಕೂದಿಲ್ಲ. ಅಷ್ಟು ಜಾಗ ತೊಳೆದು ವರ್ಷ ಆತು."

ನಾನು ಇನ್ನೊಂದು ತಂಬಿಗೆ ತೆಗೆದು ಆ ಜಾಗಕ್ಕೆ ಹೊಯ್ದೆ. ಆ ಹಬ್ಬದ ದಿನಗಳಲ್ಲಿ ನಾವು ಸ್ವಲ್ಪ ಮಾತಾಡಿದೆವು. ಹೆಚ್ಚಿನದು ಮೋತಿಯ ವಿಷಯ, ಆದರೂ ಮಾತು ಮಾತೇ. ಅವರು ಮುಂಬಯಿ ಬಿಟ್ಟು ಬರಲು ಮುಂದೆ ಎಷ್ಟೋ ವರ್ಷ ಹಿಡಿಯಿತು. ನಮ್ಮ ಸಂಸಾರವೆಲ್ಲ ದೀಪಾವಳಿಯಿಂದ ದೀಪಾವಳಿಗೆ ನಡೆದದ್ದು.

ಹಬ್ಬ ಮುಗಿಸಿ ಅವರು ಹೊರಟ ದಿನ ಬಸ್ಸಿನವರೆಗೆ ಹೋಗಿ ಬಂದೆ. ಮನೆಗೆ ಕಾಲಿಟ್ಟರೆ ಅದೇ ಮೌನ, ಹಬ್ಬದ ಮೇಲಾದ್ದರಿಂದ ಇನ್ನೂ ದೊಡ್ಡದಾಗಿ ಕಂಡಿತು. ಇನ್ನು ಒಂದು ವರ್ಷ ಎಂದುಕೊಂಡು ಜಗಲಿಯ ಮೆಟ್ಟಿಲ ಮೇಲೆ ಕೂತೆ. ಅಷ್ಟರಲ್ಲಿ ನೋಡುತ್ತೇನೆ, ಬಚ್ಚಲಿನಿಂದ ಹೊಗೆ ಬರುತ್ತಿದೆ. ಅತ್ತೆ ಒಲೆಗೆ ಬೆಂಕಿ ಹಾಕಿದ್ದರು. ಸ್ನಾನದ ಹೊತ್ತಲ್ಲ ಅದು. ಮೋತಿಗಿರಬೇಕು ಎಂದು ಅದನ್ನು ಕರೆದೆ.

"ಅದಕ್ಕಲ್ಲ" ಎಂದರು ಅತ್ತೆ. ಸೆರಗು ಇಳಿಸಿ, ನನಗೆ ಬೆನ್ನು ಹಾಕಿ ಬಚ್ಚಲ ಕಲ್ಲಿನ ಮೇಲೆ ಕೂತರು. "ನಂಗೊಂಚೂರು ಬೆನ್ನು ತಿಕ್ಕು. ಇವನ ಬಾಣಂತನದಲ್ಲಿ ನನ್ನ ಆಯಿ ತಿಕ್ಕಿದ್ದು. ಮತ್ತೆ ಯಾರ ಕೈಯೂ ಬಿದ್ದಿಲ್ಲ."

ಎಲುಬು ಎಣಿಸಬಹುದಾದ ಸಣ್ಣ ಬೆನ್ನು. ನಾನು ಬೆಚ್ಚನೆಯ ನೀರು ಹೊಯ್ದು ತಿಕ್ಕಿದೆ. ಸಾಕೆನಿಸುವಷ್ಟು ಹೊತ್ತು ಅವರು ಕಣ್ಣು ಮುಚ್ಚಿ ಕೂತಿದ್ದರು. ಆಮೇಲೆ "ಆತು" ಎಂದು ಎದ್ದು, ನನ್ನ ಕೈಯಿಂದ ತಂಬಿಗೆ ತೆಗೆದುಕೊಂಡರು.

"ಕೂತ್ಕೊ. ತಿರುಗು" ಎಂದರು. "ನಿನ್ನ ಬೆನ್ನು ಮತ್ತೆ ಯಾರು ತಿಕ್ಕೂದು?"

ನಾನು ತಿರುಗಿ ಕೂತೆ. ಬೆನ್ನಿಗೆ ನೀರು ಬಿದ್ದದ್ದೇ ಬಾಯಿ ಬಿಟ್ಟು ಅಳು ಬಂತು. ಅವರು ಏನೆಂದು ಕೇಳಲಿಲ್ಲ, ತಿಕ್ಕುವುದನ್ನು ನಿಲ್ಲಿಸಲೂ ಇಲ್ಲ.